ಹೊರ್ತಾನ್ಸಳ ಬಲಗೈ

ಪ್ಯಾರಿಸ್ಸಿನ ಹೆಂಗಸರ ದೊಡ್ಡ ಆಸ್ಪತ್ರೆಯೊಂದರ ಹೊಲಿಗೆಮನೆಯಲ್ಲಿ ಹೊರ್ತಾನ್ಸ್, ಅಲ್ಲೇ ವಾಸವಾಗಿದ್ದುಕೊಂಡು, ಹನ್ನೊಂದು ವರ್ಷದಿಂದ ಹರಿದ ದುಪ್ಪಟಿಗಳಿಗೆ ತೇಪೆ ಹಾಕಿಕೊಂಡಿದ್ದಳು. ಈ ಚಳಿಗಾಲದಲ್ಲಿ ಅವಳ ಬಲಗೈಗೆ ಏನೋ ಆಯಿತು. ಮಡಿಲಲ್ಲಿ ಸುಮ್ಮನೆ ಇಟ್ಟರೆ ಸಾಕು, ರೊಟ್ಟಿಯ ಚೂರನ್ನು ಉಂಡೆ ಕಟ್ಟುವವರ ಹಾಗೆ ಬೆರಳುಗಳು ತಾವಾಗಿ ಆಡತೊಡಗಿದವು.

ಮೇಲ್ವಿಚಾರಕಿ ಮದಾಂ ವೆರ್ದಿಯೆಯ ಕಣ್ಣಿಗೆ ಅದು ಬಿತ್ತು.

"ಏನೇ, ಊಟಕ್ಕೆ ಮುಂಚೆನೇ ವೈನ್ ಇಳಿಸಿದ್ಯಾ?"

"ಸೂಜಿ ಹಿಡಿದ್ರೆ ನಿಲ್ಲುತ್ತೆ ಮದಾಂ, ನೋಡಿ ಬೇಕಾದ್ರೆ."

"ನಂಗ್ಯಾಕೆ ತೋರಿಸ್ತೀಯ? ಡಾಕ್ಟರಿಗೆ ತೋರಿಸು. ಅವರು ಆಗುತ್ತೆ ಅಂದ್ರೆ ಇಲ್ಲಿ ಕೂತ್ಕೋ. ಇಲ್ಲಾಂದ್ರೆ ವಾಸಿಯಾಗದವರ ವಾರ್ಡು."

ಆ ವಾರ್ಡಿನವರಿಗೆ ಕೆಲಸವಿಲ್ಲ, ಭಾನುವಾರ ಹೊರಗೆ ಹೋಗುವ ಚೀಟಿಯೂ ಇಲ್ಲ. ಹೊರ್ತಾನ್ಸಳಿಗೆ ಇದ್ದದ್ದು ಅದೊಂದೇ ಹೆದರಿಕೆ.

ಡಾಕ್ಟರು ರೋಗಿಗಳನ್ನು ಎದುರಿಗಿಟ್ಟುಕೊಂಡು ಮಾಡುವ ಶುಕ್ರವಾರದ ಪಾಠಕ್ಕೆ ಅವಳನ್ನು ಕರೆತಂದರು. ವಿದ್ಯಾರ್ಥಿಗಳು ಕಿಕ್ಕಿರಿದಿದ್ದರು. ಪಕ್ಕದ ಬೆಂಚಿನಲ್ಲಿ ತಲೆ ಅಲ್ಲಾಡುವ ಹೆಂಗಸರು ಕೂತಿದ್ದರು. ಆ ಅಲ್ಲಾಟ ಹಿಂದಿನ ಸಾಲಿಗೂ ಕಾಣಲಿ ಅಂತ ಅವರ ಟೋಪಿಗಳಿಗೆ ಉದ್ದನೆಯ ಗರಿ ಸಿಕ್ಕಿಸಿದ್ದರು.

ಡಾಕ್ಟರ್ ವೊಕ್ಲೆನ್ ಅವಳ ಕೈಯನ್ನು ಮಡಿಲಲ್ಲಿ ಇರಿಸಿದರು. ಅದು ಕುಣಿಯಿತು. ಹಿಂದೆ ಯಾರೋ ಕಿಸಕ್ಕೆಂದರು.

"ಅಯ್ಯಾ, ಒಂದು ಸೂಜಿ ದಾರ ಕೊಡ್ಸಿ," ಅಂದಳು ಹೊರ್ತಾನ್ಸ್. "ಕೆಲಸದಲ್ಲಿ ಇದು ಹೀಗಾಡಲ್ಲ."

ಕೊಟ್ಟರು. ಅವಳು ದಾರದ ತುದಿಯನ್ನು ತುಟಿಗೆ ಒತ್ತಿಕೊಂಡಳು, ಕಣ್ಣು ಕಿರಿದು ಮಾಡಿ ಒಂದೇ ಸಲಕ್ಕೆ ಪೋಣಿಸಿದಳು. ಕೈ ಕಲ್ಲಿನ ಹಾಗೆ ನಿಂತಿತ್ತು.

ಡಾಕ್ಟರ ಮುಖ ಅರಳಿತು. "ಭೇಷ್! ಇದಕ್ಕಿಂತ ಬೇರೆ ಸಾಕ್ಷಿ ಬೇಕೇನ್ರಯ್ಯಾ? ಇದೇ ಥರ ಕಾಣೋ ಇನ್ನೊಂದು ಕಾಯಿಲೆಯಲ್ಲಿ ಏನಾದ್ರೂ ಹಿಡಿಯೋಕೆ ಕೈ ಚಾಚಿದ್ರೆ ನಡುಕ ಏರುತ್ತೆ. ಇವಳಿಗೆ ಇಳೀತು. ಇದು ವಾಸಿಯಾಗದ ನಡುಕದ ರೋಗವೇ, ಅನುಮಾನವೇ ಇಲ್ಲ."

ಚಪ್ಪಾಳೆ ಬಿತ್ತು.

"ಹಾಗಾದ್ರೆ ಹೊಲಿಗೆಮನೆಗೆ ಹೋಗ್ಲಾ, ಅಯ್ಯಾ?"

"ಹೊಲಿಗೆಮನೆಗಾ! ನಿನ್ನಷ್ಟು ಸ್ಪಷ್ಟವಾಗಿ ತೋರಿಸೋರು ಸಿಗೋದೇ ಅಪರೂಪ ಕಣಮ್ಮ. ವಾಸಿಯಾಗದವರ ವಾರ್ಡಿನಲ್ಲೇ ಇರು, ನನ್ನ ಕೈಗೆ ಸಿಗೋ ಹಾಗೆ."

ಬಾಗಿಲ ಬಳಿ ನಿಂತಿದ್ದ ಮದಾಂ ವೆರ್ದಿಯೆ ಹೊಲಿಗೆಮನೆಯ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕಿದಳು.

ಆಮೇಲೆ ವಾರವಾರವೂ ಹೊಸ ವಿದ್ಯಾರ್ಥಿಗಳು ಹಾಸಿಗೆಯ ಸುತ್ತ ನೆರೆದರು. ಹೊರ್ತಾನ್ಸ್ ದಾರ ಪೋಣಿಸಿ ತೋರಿಸುವಳು. ಒಂದು ಸಲ, ಹೊಲಿಯಲು ಒಂದು ತುಂಡು ಬಟ್ಟೆ ಕೊಡ್ತೀರಾ ಅಂತ ಕೇಳಿದಳು. ಸೂಜಿ ಕೊಟ್ಟಿದ್ದ ವಿದ್ಯಾರ್ಥಿ ನಗುತ್ತಲೇ ಅದನ್ನು ವಾಪಸು ತೆಗೆದುಕೊಂಡು ಮುಂದಿನ ಹಾಸಿಗೆಗೆ ಹೋದ.