ಬಾಣಂತಿ ಕೋಣೆಗೆ ಹಾಕಿದ ಕಿಟಕಿ

ಬಾಳಗಡಿಯಲ್ಲಿ ನನ್ನದು ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿ, ಹಿಂದೆಯೇ ಮನೆ. ಮಗಳು ಕೃತಿಕಾ ಪುಷ್ಯದ ಚಳಿಯಲ್ಲಿ ಬಾಣಂತನಕ್ಕೆ ಬರುತ್ತಾಳೆಂದು ಗೊತ್ತಾದದ್ದೇ ಹಿಂದಿನ ಕೋಣೆಯ ಕೆಲಸ ಹಿಡಿದೆ. ತಾರಸಿಯ ಅಡಿಗೆ ಥರ್ಮಾಕೋಲ್ ಹೊದಿಸಿದೆ, ಕಿಟಕಿಗೆ ಜೋಡಿ ಗಾಜು ಕೂರಿಸಿದೆ, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿದೆ. ಗೋಡೆಯ ಮೇಲಿದ್ದ ಗಾಳಿಕಿಂಡಿಯನ್ನೂ ಮುಚ್ಚಿದೆ. ಊದುಬತ್ತಿ ಹಚ್ಚಿ ಸಂದುಸಂದಿಗೂ ಹಿಡಿದು ನೋಡಿದರೆ ಹೊಗೆ ಎಲ್ಲೂ ಅಲುಗದೆ ನೆಟ್ಟಗೆ ಮೇಲೇರಿತು. ಹೀಟರ್ ಇಲ್ಲದೆಯೂ ಕೋಣೆ ಬೆಳಗಿನವರೆಗೆ ಬೆಚ್ಚಗಿರುತ್ತಿತ್ತು. ಬಂದವರಿಗೆಲ್ಲ ತೋರಿಸಿ ಬೀಗಿದೆ. ಬೀಗುವುದು ನನ್ನ ಹುಟ್ಟುಗುಣ.

ಮಗುವಿಗೆ ಹದಿನೈದು ದಿನವಾದ ಬೆಳಿಗ್ಗೆ ಹೆಂಡತಿ ಕೊಪ್ಪದ ಪೇಟೆಗೆ ಹೋಗಿದ್ದಳು. ಬಾಣಂತಿಗೂ ಮಗುವಿಗೂ ನೀರು ಎರೆಯಲು ಬರುವ ಕಮಲಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಂಗಡಿಗೆ ಬಂದರು.

"ಇಬ್ರೂ ಮಲಗಿದಾರೆ ಮಾರಾಯ. ಮಂಚದ ಕೆಳಗೆ ಕೆಂಡ ಇಟ್ಟಿದೀನಿ. ಗಾಳಿ ಸೋಕಬಾರ್ದು ಅಂತ ಕೃತಿಕನ ಹತ್ರ ಒಳಗಿಂದ ಚಿಲಕ ಹಾಕ್ಸಿದೀನಿ."

ಅಲ್ಯೂಮಿನಿಯಂ ಕೊಯ್ಯುವ ಯಂತ್ರದ ಗುಂಡಿ ಒತ್ತಲು ಹೋದ ನನ್ನ ಕೈ ಹಾಗೇ ನಿಂತಿತು.

"ಎಷ್ಟು ಹೊತ್ತಾಯ್ತು ಇಟ್ಟು?"

"ಬಟ್ಟೆ ಒಗ್ದು ಹಾಕಿ ಬಂದೆ. ಮುಕ್ಕಾಲು ಗಂಟೆ ಆಗಿರ್ಬೋದು. ಎಂತಕ್ಕೆ? ಹೊಗೆ ಎಂತ ಇಲ್ಲ, ನಿಗಿನಿಗಿ ಕೆಂಡ."

ಹೊಗೆ ಇದ್ದಿದ್ದರೆ ಕೆಮ್ಮಾದರೂ ಬರುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಕಿಟಕಿ ಹಾಕುವಾಗ, ಗಾಳಿಕಿಂಡಿ ಮುಚ್ಚಬೇಡಿ ಎಂದು ಗಿರಾಕಿಗಳಿಗೆ ಪಾಠ ಹೇಳುವವನು ನಾನೇ.

ಸುತ್ತಿಗೆ ಹಿಡಿದು ಓಡಿದೆ. ಬಾಗಿಲು ಬಡಿದು ಕೂಗಿದರೆ ಉತ್ತರವಿಲ್ಲ. ಸುತ್ತುಹಾಕಿ ಹೋಗಿ ಕಿಟಕಿಯಲ್ಲಿ ಇಣುಕಿದೆ. ಕೃತಿಕಾ ಮಂಚದಿಂದ ಅರ್ಧ ಜಾರಿದ್ದಳು. ಒಂದು ಕೈ ಮೂಲೆಯ ತೊಟ್ಟಿಲ ಕಡೆ ಚಾಚಿತ್ತು. ಸುತ್ತಿಗೆ ಬೀಸಿದೆ. ಹೊರಗಿನ ಗಾಜು ಪುಡಿಯಾಯಿತು, ಒಳಗಿನದು ಜಗ್ಗಲಿಲ್ಲ. ನನ್ನ ಕೆಲಸಕ್ಕೆ ನಾನೇ ಬಾಯಿಗೆ ಬಂದಂತೆ ಬೈದು ಇನ್ನೆರಡು ಏಟು ಹಾಕಿದೆ. ಕೈ ತೂರಿಸಿ, ಹಿಡಿ ತಿರುಗಿಸಿ ಕಿಟಕಿ ತೆರೆದು, ಒಳಗೆ ಹಾರಿ ಬಾಗಿಲ ಚಿಲಕ ತೆಗೆದೆ.

ಮಗುವನ್ನು ಅಂಗಳಕ್ಕೆ ತಂದಾಗ ಕಮಲಕ್ಕ ಶಾಲು ಹಿಡಿದು ಬಂದರು. "ಮುಖ ಮುಚ್ಚು ಮಾರಾಯ, ಗಾಳಿ ಸೋಕ್ತದೆ!"

"ಸೋಕ್ಲಿ! ಹಿಡ್ಕೊಳ್ಳಿ, ಮುಖ ಗಾಳಿಗೆ ಹಿಡೀರಿ!"

ಮತ್ತೆ ಒಳಗೆ ಹೋಗಿ ಮಗಳನ್ನು ಎತ್ತಿ ತಂದೆ. ತಣ್ಣನೆಯ ಗಾಳಿ ಬಡಿದ ಮೇಲೆ ಅವಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು.

"ಅಪ್ಪಯ್ಯ, ಪಾಪು?"

ಮಗು ಅಳುತ್ತಿರಲಿಲ್ಲ. ಅಂಗಾಲಿಗೆ ತಟ್ಟಿದೆ. ಮತ್ತೆ ತಟ್ಟಿದೆ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಕೊನೆಗೆ ತುಟಿ ನಡುಗಿ ಸಣ್ಣದೊಂದು ಅಳು ಬಂತು.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಇಬ್ಬರಿಗೂ ಆಕ್ಸಿಜನ್ ಕೊಟ್ಟರು. ಸಂಜೆಯ ಹೊತ್ತಿಗೆ, ಇನ್ನು ಅಪಾಯವಿಲ್ಲ ಎಂದರು ಡಾಕ್ಟರು. ಆಮೇಲೆ ನನಗೆ ಸಿಟ್ಟು ಬಂತು. ಕಮಲಕ್ಕನಿಗೆ ನಾಲ್ಕು ಮಾತು ಬಿಗಿಯಾಗಿ ಹೇಳಲೇಬೇಕೆಂದು ಹೊರಗೆ ಬಂದೆ. ಬೆಂಚಿನ ತುದಿಯಲ್ಲಿ ಅವರು ಬಿಕ್ಕುತ್ತಾ ಕೂತಿದ್ದರು.

"ಮೂವತ್ತು ವರ್ಷದಿಂದ ಎಷ್ಟು ಮನೇಲಿ ಹಿಂಗೇ ಕೆಂಡ ಇಟ್ಟಿದೀನಿ ಯೋಗೇಂದ್ರ. ಒಂದು ಕಡೇನೂ ಎಂತ ಆಗಿರ್ಲಿಲ್ಲ."

ಪಕ್ಕದಲ್ಲಿ ಕೂತೆ.

"ಆ ಮನೆಗಳಿಗೆ ನಾನು ಕಿಟಕಿ ಹಾಕಿರ್ಲಿಲ್ಲ ಕಮಲಕ್ಕ."