ಡಬ್ಬದ ಕೇಬಲ್

ಶಿರಾದಲ್ಲಿ ಸ್ಟುಡಿಯೋ ಇಟ್ಟಿದ್ದ ಅಯಾಜ್ ತನ್ನ ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಹೊಸ ಕಂಪ್ಯೂಟರಿಗೆ ಯಾವ ಪ್ರೊಸೆಸರ್, ಅದಕ್ಕೆ ಒಗ್ಗುವ ಮದರ್‌ಬೋರ್ಡ್ ಯಾವುದು, ರ‍್ಯಾಮ್ ಎಷ್ಟು ಬೇಕು, ಗ್ರಾಫಿಕ್ಸ್ ಕಾರ್ಡ್ ಇದೋ ಅದೋ ಎಂದು ಊಟದ ತಟ್ಟೆಯ ಮುಂದೆಯೂ ಮೊಬೈಲ್ ತಿಕ್ಕುತ್ತಿದ್ದ. ಪಾವಗಡದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಗೆಳೆಯ ರೇವಂತನಿಗಂತೂ ಇವನ ಫೋನ್ ಬಂದರೆ ಸಾಕಪ್ಪಾ ಎನಿಸುತ್ತಿತ್ತು.

"ಅನ್ನಾ, ಕಾರ್ಡು ಒಂದು ಮೆಟ್ಲು ಕೆಳಗಿಂದು ತಗಂಡ್ರೂ ಪರ್ವಾಲೇದು" ಎನ್ನುತ್ತಿದ್ದ ರೇವಂತ. "ಎಸ್‌ಎಂಪಿಎಸ್ ಮಾತ್ರ ಗಟ್ಟಿದು ತಗೋ. ಒಳಗಿರೋ ಎಲ್ಲಕ್ಕೂ ಕರೆಂಟು ಹಂಚೋದು ಅದೇ. ಅದು ಕೆಟ್ರೆ ಎಲ್ಲಾ ಕೆಡ್ತದೆ."

ಅಯಾಜ್ ಗಟ್ಟಿಯದನ್ನೇ ಆರಿಸಿದ. ಅವನ ಆತುರಕ್ಕೆ ಕಾರಣ ಮಧುಗಿರಿಯ ರಾಜಲಕ್ಷ್ಮಮ್ಮ.

ಆಕೆಯ ಮಗಳು ರಕ್ಷಾಳ ಮದುವೆಯ ವಿಡಿಯೋ ತೆಗೆದವನು ಅಯಾಜ್. ಮದುವೆಯಾದ ತಿಂಗಳೊಳಗೇ ಹುಡುಗಿಯ ಅಪ್ಪ ಗಂಗಹನುಮಯ್ಯ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅಲ್ಲಿಂದಾಚೆ ದಿನವೂ ಬೆಳಗ್ಗೆ ರಾಜಲಕ್ಷ್ಮಮ್ಮನ ಫೋನು.

"ಆಯ್ತೇನಪ್ಪಾ ಅಯಾಜು? ಧಾರೆ ಎರೀವಾಗ ನಮ್ಮನೆಯವ್ರು ಅತ್ಬುಟ್ರು ಅಂತ ಎಲ್ರೂ ಅಂತಾರೆ. ನಾನು ಪಕ್ಕದಾಗೇ ನಿಂತಿದ್ರೂ ತಲೆ ತಗ್ಗಿಸ್ಕಂಡಿದ್ದೆ, ನೋಡ್ನೇ ಇಲ್ಲ. ಜೀವಮಾನದಾಗೆ ನನ್ ಮುಂದೆ ಒಂದ್ಸಲಾನೂ ಅತ್ತೋರಲ್ಲ ಕಣಪ್ಪ. ಅದೊಂದು ನೋಡ್ಬೇಕು."

"ಹಳೇ ಮಿಷಿನ್ನು ತಡೀತಿಲ್ಲಮ್ಮ. ಹೊಸದು ಬಂದ್ಬುಡ್ಲಿ, ಏನ್ ಬೇಕಾದ್ರೂ ತೋರಿಸ್ತೀನಿ."

ಮಾತೇನೋ ಸುಳ್ಳಲ್ಲ. ಹೊಸ ಕ್ಯಾಮೆರಾದ ಭಾರೀ ವಿಡಿಯೋ ತೆರೆದರೆ ಹಳೆಯ ಕಂಪ್ಯೂಟರ್ ತಿಣುಕುತ್ತ ನಿಂತುಬಿಡುತ್ತಿತ್ತು. ಹಟ ಹಿಡಿದು ಒಂದು ನಿಮಿಷದ ತುಣುಕು ಮಾಡಿ ರಕ್ಷಾಳ ವಾಟ್ಸಾಪಿಗೆ ಕಳಿಸಿದ್ದ. ಅದರಲ್ಲಿ ಈಗಿನ ಫ್ಯಾಷನ್ನಿನಂತೆ ಬಳೆ, ಬಾಸಿಂಗ, ಮೆಹಂದಿ, ಇಂಥವೇ ಹತ್ತಿರದ ನೋಟಗಳು. ಗಂಗಹನುಮಯ್ಯನವರ ಮುಖ ಇರಲಿಲ್ಲ.

ಸ್ಟುಡಿಯೋದಲ್ಲಿ ಆಲ್ಬಂ ಜೋಡಿಸುವ ಅವನ ತಂಗಿ ಜೈಬಾ ಹೇಳಿಯೇ ಹೇಳಿದಳು: "ಭಾಯ್, ಧಾರೆದೊಂದು ಕ್ಲಿಪ್ ಇದ್ದಂಗೇ ಪೆನ್‌ಡ್ರೈವಿಗೆ ಹಾಕಿ ಕೊಟ್ಬಿಡು. ಪಾಪ, ಆಯಮ್ಮ ನೋಡ್ಕಳ್ಳಲಿ."

"ಹಸೀದು ಕೊಡೋಕಾಗುತ್ತೇನೇ? ಬಣ್ಣ ಇಲ್ಲ, ಮ್ಯೂಸಿಕ್ ಇಲ್ಲ. ನಾಳೆ ನಾಲ್ಕು ಜನ ನೋಡಿ ಸ್ಟುಡಿಯೋ ಮರ್ಯಾದೆ ತೆಗೀತಾರೆ."

ಮದುವೆ ಸ್ಟುಡಿಯೋದವರ ಜಾತಿಯೇ ಅಂಥದ್ದು. ಎಡಿಟ್ ಮಾಡದ ವಿಡಿಯೋ ಗಿರಾಕಿಯ ಕೈಗೆ ಹೋಗುವುದೆಂದರೆ ಮಾನ ಹೋದಂತೆ. ಮುಹೂರ್ತದ ದಿನಗಳಲ್ಲಿ ಕ್ಯಾಮೆರಾದ ಕಾರ್ಡುಗಳನ್ನು ಅಂದೇ ಖಾಲಿ ಮಾಡಿ ಮರುದಿನದ ಮದುವೆಗೆ ಓಡುವವರೂ ಇವರೇ. ರಕ್ಷಾಳ ಮದುವೆ ಉಳಿದಿದ್ದದ್ದು ಒಂದೇ ಒಂದು ಹಾರ್ಡ್‌ಡಿಸ್ಕಿನಲ್ಲಿ. ಎರಡನೆಯ ಕಾಪಿಯನ್ನು ಹೊಸ ಕಂಪ್ಯೂಟರ್ ಬಂದಮೇಲೆ ಮಾಡಿದರಾಯಿತು ಎಂದು ಅಯಾಜ್ ಅಂದುಕೊಂಡಿದ್ದ.

ಭಾಗಗಳೆಲ್ಲ ಬಂದ ಶುಕ್ರವಾರ, ನಮಾಜ್ ಮುಗಿಸಿ ಬಂದವನೇ ಜೋಡಿಸಲು ಕುಳಿತ. ರೇವಂತ ವಿಡಿಯೋ ಕಾಲಿನಲ್ಲಿ ಒಂದೊಂದನ್ನೇ ಹೇಳಿಕೊಟ್ಟ. ಪ್ರೊಸೆಸರ್ ಕೂತಿತು, ಫ್ಯಾನ್ ಕೂತಿತು, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡೂ ಕೂತಿತು. ರಕ್ಷಾಳ ಮದುವೆಯಿದ್ದ ಹಳೆಯ ಹಾರ್ಡ್‌ಡಿಸ್ಕ್ ಸಿಕ್ಕಿಸುವುದೊಂದು ಬಾಕಿ ಇರುವಾಗ ರೇವಂತ ಬಸ್ಸು ಹತ್ತಿದ, ನೆಟ್‌ವರ್ಕ್ ಹೋಯಿತು.

ಅಷ್ಟರಲ್ಲೇ ರಾಜಲಕ್ಷ್ಮಮ್ಮನ ಫೋನು.

"ಇವತ್ತೇ ಆಗೋಗುತ್ತಮ್ಮ. ಮಿಷಿನ್ನು ಬಂದೈತೆ" ಎಂದ ಅಯಾಜ್. ಆ ಕಡೆ ಆಕೆ ಮೂಗು ಸೇದಿಕೊಂಡದ್ದು ಕೇಳಿಸಿತು.

ಹೊಸ ಎಸ್‌ಎಂಪಿಎಸ್ ಜೊತೆ ಬಂದ ಕೇಬಲ್ ಡಿಸ್ಕಿನ ತನಕ ಎಟುಕಲಿಲ್ಲ. ಬೀರುವಿನಂಥ ದೊಡ್ಡ ಕ್ಯಾಬಿನೆಟ್ ಆರಿಸಿದ್ದವನೂ ಇವನೇ. ಅಯಾಜ್ ಎದ್ದು ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬ ಇಳಿಸಿದ. ಅವನ ತಂದೆ ಅಹಮದ್ ಷರೀಫರ ಕಾಲದಿಂದಲೂ ಆ ಸ್ಟುಡಿಯೋದಲ್ಲಿ ಒಂದು ವೈರನ್ನೂ ಎಸೆದವರಿಲ್ಲ. ಯಾವತ್ತೋ ಕೆಟ್ಟುಹೋದ ಬೇರೊಂದು ಎಸ್‌ಎಂಪಿಎಸ್‌ನ ಉದ್ದನೆಯ ಕೇಬಲ್ ಸಿಕ್ಕಿತು. ತುದಿ ನೋಡಿದ, ಅದೇ ಆಕಾರ. ಒತ್ತಿದ, ಟಕ್ಕೆಂದು ಕೂತಿತು. ಸ್ಕ್ರೂ ಒಂದಕ್ಕೂ ರೇವಂತನನ್ನು ಕೇಳಿದ್ದವನಿಗೆ ಈ ಕೇಬಲ್ಲು ಕೇಳುವಂಥ ವಿಷಯ ಎನಿಸಲೇ ಇಲ್ಲ.

ಸ್ವಿಚ್ ಹಾಕಿದ. ಬಣ್ಣಬಣ್ಣದ ದೀಪ ಹತ್ತಿದವು, ಫ್ಯಾನುಗಳು ತಿರುಗಿದವು, ಜೈಬಾ ಚಪ್ಪಾಳೆ ತಟ್ಟಿದಳು. ಆಮೇಲೆ ಸುಟ್ಟ ವಾಸನೆ ಬಂತು.

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಸ್ಕ್ರೀನಿನ ಮೇಲೆ ಎಲ್ಲವೂ ಇತ್ತು, ಆ ಡಿಸ್ಕ್ ಒಂದು ಇರಲಿಲ್ಲ.

ಸಂಜೆ ರೇವಂತ ಫೋನಿಗೆ ಸಿಕ್ಕಾಗ ಮೊದಲು ಕೇಳಿದ್ದೇ, "ಯಾವ ಕೇಬಲ್ ಹಾಕಿದೆ ಅನ್ನಾ?"

ಅಯಾಜ್ ಹೇಳಿದ.

"ಅಯ್ಯೋ ದೇವುಡಾ! ತುದಿ ಒಂದೇ ತರ ಇರ್ತದೆ ಅನ್ನಾ, ಒಳಗೆ ಕರೆಂಟು ಬರೋ ದಾರಿ ಒಂದೊಂದು ಕಂಪನೀದು ಒಂದೊಂದು ತರ. ಡಬ್ಬದ್ದು ಯಾಕ್ ಹಾಕ್ದೆ?"

ಮುಂದಿನ ದಿನಗಳಲ್ಲಿ ಅಯಾಜ್ ಮನುಷ್ಯನಾಗಿ ಉಳಿಯಲಿಲ್ಲ. ಡಿಸ್ಕನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದ. ಒಳಗೆ ಡೇಟಾ ಓದುವ ಹೆಡ್ಡೂ ಸುಟ್ಟಿದೆ, ಏನೂ ಬರುವುದಿಲ್ಲ ಎಂದು ಅಲ್ಲಿನವರು ಕೈ ಚೆಲ್ಲಿದರು. ಕ್ಯಾಮೆರಾದ ಕಾರ್ಡುಗಳಲ್ಲಿ ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಕೂತ. ಹೊಸ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿ ಕೊಟ್ಟಿತು. ಬಂದದ್ದು ಆಮೇಲೆ ಅದೇ ಕಾರ್ಡಿನಲ್ಲಿ ತೆಗೆದ ಕೊರಟಗೆರೆಯ ಮದುಮಗಳು. ಇನ್ನೊಮ್ಮೆ ಹುಡುಕಿಸಿದ. ಅವಳೇ ನಗುತ್ತ ಬಂದಳು. ಅಯಾಜ್ ಮೇಜಿಗೆ ತಲೆ ಕೊಟ್ಟು ಅತ್ತ.

ರಾಜಲಕ್ಷ್ಮಮ್ಮನ ಫೋನ್ ಎತ್ತಲು ಧೈರ್ಯವಾಗದೆ ಕೊನೆಗೆ ಮಧುಗಿರಿಯ ಬಸ್ಸು ಹತ್ತಿದ.

ಆಕೆ ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು, ಅದೂ ಅಯಾಜನೇ ಮದುವೆಯಲ್ಲಿ ತೆಗೆದದ್ದು. ಗಂಗಹನುಮಯ್ಯನವರು ನೆಟ್ಟಗೆ, ಬಿಗಿಯಾಗಿ ನಿಂತಿದ್ದರು. ಅಯಾಜ್ ತಲೆ ಎತ್ತದೆ ಎಲ್ಲವನ್ನೂ ಹೇಳಿಬಿಟ್ಟ. ಬೈಗುಳ ಬರಲಿ, ಎಕ್ಕಡದಲ್ಲಿ ಹೊಡೆಯಲಿ ಎಂದೇ ಕಾದ.

ರಾಜಲಕ್ಷ್ಮಮ್ಮ ಎದ್ದುಹೋಗಿ ಮೊಬೈಲ್ ತಂದರು. ರಕ್ಷಾ ಕಳಿಸಿಕೊಟ್ಟಿದ್ದ ಅದೇ ಒಂದು ನಿಮಿಷದ ತುಣುಕು. ಬಳೆ, ಬಾಸಿಂಗ ದಾಟಿ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. ಮದುಮಕ್ಕಳ ಕೈ ಮೇಲೆ ಹಾಲು ಸುರಿಯುತ್ತಿದೆ. ಚೊಂಬು ಹಿಡಿದ ಕೈಯ ಮಣಿಕಟ್ಟಿನ ತನಕ ಮಾತ್ರ ಇದೆ.

"ಕಿರುಬೆಟ್ಟು ಸೊಟ್ಟುಗೈತೆ ನೋಡು. ಇದು ಅವ್ರುದೇ ಕೈಯಿ. ನೋಡಿ ನೋಡಿ ಕಂಡು ಹಿಡ್ದೆ." ಆಕೆ ಅವನತ್ತ ಬಗ್ಗಿದರು. "ಅಷ್ಟು ದೊಡ್ಡ ಮಿಷಿನ್ ತಂದಿದೀಯ. ಏನ್ ಬೇಕಾದ್ರೂ ತೋರಿಸ್ತೀನಿ ಅಂದಿದ್ದೆ. ಈ ಕೈ ಹಿಡ್ಕಂಡು ಅಂಗೇ ಮೇಲುಕ್ಕೋದ್ರೆ ಮಕ ಸಿಗಾಕಿಲ್ವೇನಪ್ಪ?"

ಅಯಾಜ್ ಸ್ಕ್ರೀನಿನ ಅಂಚಿಗೆ ಬೆರಳಿಟ್ಟ. "ಇಲ್ಲಮ್ಮ" ಎಂದ. "ಚಿತ್ರ ಅಲ್ಲಿಗೇ ಮುಗೀತದೆ."

ಆಕೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡರು. ಅಳಲಿಲ್ಲ. ಅದನ್ನು ನೋಡಲಾಗದೆ ಅಯಾಜ್ ಬಾಯಿಬಿಟ್ಟ.

"ನಾನು ನೋಡಿದೀನಮ್ಮ. ಕ್ಯಾಮೆರಾದಾಗೆ ಅವರ ಮುಖಕ್ಕೇ ಫೋಕಸ್ ಇಟ್ಟಿದ್ದೆ."

"ಹೇಳು."

"ಮೊದಲು ಕೆಳಗಿನ ತುಟಿ ಕಚ್ಕಂಡ್ರು. ಚೊಂಬು ಅಲುಗಾಡ್ತು. ಭುಜದ ಮೇಲಿನ ಟವಲ್‌ಗೆ ಕೈ ಹಾಕೋಣ ಅಂದ್ರೆ ಕೈ ಬಿಡುವಿಲ್ಲ. ಎಡಗಣ್ಣಿಂದು ಮೂಗಿನ ಪಕ್ಕ ಇಳಿದು ಮೀಸೆಗೆ ಬಂತು. ಅವಾಗ ನಿಮ್ಮ ಕಡೆ ತಿರುಗಿದ್ರು ಅಮ್ಮ. ನೀವು ತಲೆ ಎತ್ತಲಿಲ್ಲ."

ರಾಜಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು, ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಹೇಳಪ್ಪ" ಎಂದರು.

ಅಯಾಜ್ ಮತ್ತೆ ಮೊದಲಿನಿಂದ ಶುರು ಮಾಡಿದ. ತುಟಿ, ಚೊಂಬು, ಟವಲು. ಕಣ್ಣಿಗೆ ಬಂದಾಗ ತಡವರಿಸಿದ. ಎಡಗಣ್ಣೋ ಬಲಗಣ್ಣೋ, ಈಗತಾನೇ ಏನೆಂದೆ ಎಂಬುದು ಅವನಿಗೆ ನೆನಪಾಗಲಿಲ್ಲ.