ನಮ್ಮ ಕೇರಿಯ ನೂರು ಮೀಟರ್ ಗುಂಡಿ

ಮೂರನೇ ಸಲವೂ ಕಂಪ್ಯೂಟರ್ ಅದನ್ನೇ ತೋರಿಸಿತು. ಹಾರನಹಳ್ಳಿಯ ನೀರಿನ ಟ್ಯಾಂಕಿನ ಬುಡದಲ್ಲಿ ಒಂದು ಬಿಂದು, ಊರಾಚೆಗಿನ ನಮ್ಮ ಕೇರಿಯ ಮೂಲೆಗಲ್ಲಿನ ಮೇಲೆ ಇನ್ನೊಂದು. ಮೌಸಿನಿಂದ ಎರಡನ್ನೂ ಒತ್ತಿದರೆ ನಡುವಿನ ದೂರ 502.06 ಮೀಟರ್.

ಆ ವರ್ಷ, ಅಂದರೆ 2001ರಲ್ಲಿ, ಟ್ಯಾಂಕಿನಿಂದ ಐನೂರು ಮೀಟರಿನೊಳಗೆ ಇದ್ದ ಕೇರಿಗಳಿಗೆ ಮಾತ್ರ ಕೊಳಾಯಿ. ಎರಡೇ ಎರಡು ಮೀಟರಿಗೆ ನಮಗೆ ತಪ್ಪುತ್ತಿತ್ತು. ನಮ್ಮವ್ವ ಸಣ್ಣತಾಯಮ್ಮ ಇಪ್ಪತ್ತು ವರ್ಷದಿಂದ ಆ ದಾರಿಯಲ್ಲಿ ಬಿಂದಿಗೆ ಹೊತ್ತವಳು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮೂರು ಅಂತ ಎರಡು ಮೀಟರ್ ನುಂಗಕ್ಕಾಗುತ್ತೇನಮ್ಮ ಮಂಜುಳಾ?" ಎಂದರು ಗುರುಮೂರ್ತಿ ಸಾರ್. ಅರಸೀಕೆರೆಯ ಆ ಡ್ರಾಯಿಂಗ್ ಆಫೀಸು ಅವರದು, ನಕ್ಷೆ ಬರೆಯುವವಳು ನಾನೊಬ್ಬಳೇ. "ಸಂಜೆ ಐದರ ಬಸ್ಸಿಗೆ ನಕ್ಷೆ ಹಾಸನಕ್ಕೆ ಹೋಗಬೇಕು. ಇದ್ದಿದ್ದನ್ನ ಇದ್ದಂಗೆ ಬರಿ."

"ನುಂಗಿ ಅಂತ ನಾನೆಲ್ಲಿ ಅಂದೆ ಸಾರ್?" ಎಂದು ರೇಗಿದೆ.

ದೂರ ಬೇಕಾದಾಗಲೆಲ್ಲ ನಾವು ಕಂಪ್ಯೂಟರ್ ತೋರಿಸುವ ಮೊದಲ ಸಾಲು ಓದಿ ಬಿಟ್ಟುಬಿಡುತ್ತಿದ್ದೆವು. ಆ ದಿನ ಸಿಟ್ಟಿನಲ್ಲಿ ಕೆಳಗಿನ ಸಾಲುಗಳನ್ನೂ ಓದಿದೆ. ಪೂರ್ವ ಪಶ್ಚಿಮ 480. ಉತ್ತರ ದಕ್ಷಿಣ 108. ಎತ್ತರದ ವ್ಯತ್ಯಾಸ 100.

ನೂರು! ನಮ್ಮೂರಿನ ಆ ದಾರಿ ರೊಟ್ಟಿ ಹಂಚಿನಷ್ಟು ಸಪಾಟು.

"ಸಾರ್! ನಮ್ಮ ಕೇರಿ ನೂರು ಮೀಟರ್ ಗುಂಡಿಯೊಳಗಿದೆ!"

ಅವರು ಕೈಯಲ್ಲಿದ್ದ ಟೀ ಚೆಲ್ಲಿಕೊಂಡರು. ನಾನು ಸರ್ವೆ ಪುಸ್ತಕ ತೆರೆದು ಅವರ ಮುಂದೆ ಹಿಡಿದೆ. ಸರ್ವೆ ಮಾಡುವ ಜಯದೇವಪ್ಪನವರು ವಾಡಿಕೆಯಂತೆ ಟ್ಯಾಂಕಿನ ಕಟ್ಟೆಯ ಮಟ್ಟವನ್ನು, ಅಂದರೆ ಎತ್ತರವನ್ನು, ನೂರು ಮೀಟರ್ ಎಂದು ಇಟ್ಟುಕೊಂಡಿದ್ದರು. ನಮ್ಮ ಕೇರಿಯ ಮೂಲೆಗಲ್ಲಿನ ಮುಂದೆ ಮಟ್ಟದ ಜಾಗ ಖಾಲಿ. ನಾನು ಖಾಲಿಯಾಗಿಯೇ ಟೈಪು ಮಾಡಿದ್ದೆ. ಕಂಪ್ಯೂಟರ್ ಅದನ್ನು ಸೊನ್ನೆ ಎಂದುಕೊಂಡು, ಟ್ಯಾಂಕಿನಿಂದ ಪಾತಾಳಕ್ಕೆ ಓರೆಯಾಗಿ ಅಳೆದಿತ್ತು. ನನ್ನದೂ ತಪ್ಪೇ. ಆದರೆ ಆ ಜಾಗ ಖಾಲಿ ಬಿದ್ದಿದ್ದೇಕೆ? ಮೂಲೆಗಲ್ಲನ್ನು ಅವರು ರಸ್ತೆಯಲ್ಲೇ ನಿಂತು ಎರಡು ಕಡೆಯಿಂದ ನೋಡಿ ಗುರುತು ಮಾಡಿಕೊಂಡು ಹೋಗಿದ್ದರು. ಮಟ್ಟ ನೋಡುವ ಕೋಲು ಕೇರಿಯೊಳಗೆ ಬಂದೇ ಇರಲಿಲ್ಲ. ಏಕೆಂದು ನನಗೂ ಗೊತ್ತು, ಸಾರ್‌ಗೂ ಗೊತ್ತು.

ಅವರು ಎದ್ದು ಮಟ್ಟ ನೋಡುವ ದುರ್ಬೀನಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಆಮೇಲೆ ಸ್ಕೂಟರ್ ಕೀಲಿ ತೆಗೆದುಕೊಂಡರು. "ಕೋಲು ಹಿಡ್ಕೊಂಡು ಹಿಂದೆ ಕೂತ್ಕೊ. ಇನ್ನೂ ಮಧ್ಯಾಹ್ನ ಒಂದು ಗಂಟೆ."

ಟ್ಯಾಂಕಿನ ಕಟ್ಟೆಯಿಂದ ಹಂತ ಹಂತವಾಗಿ ಮಟ್ಟ ನೋಡುತ್ತ ಕೇರಿಗೆ ಬಂದೆವು. ದಾರಿಯುದ್ದಕ್ಕೂ ಕೋಲು ಹಿಡಿದವಳು ನಾನು. ಮೂಲೆಗಲ್ಲಿನ ಹತ್ತಿರ ಅವ್ವ ಓಡಿ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ನೆಟ್ಟಗೆ ಹಿಡೀಬೇಕು ಕಣಮ್ಮ, ಅಲ್ಲಾಡಬಾರದು," ಎಂದು ಸಾರ್ ದೂರದಿಂದ ಕೂಗಿದರು.

"ತುಂಬಿದ ಬಿಂದಿಗೇನೇ ಅಲ್ಲಾಡುಸ್ದೆ ತಂದೋಳು ಕಣ್ ಸ್ವಾಮಿ ನಾನು, ಈ ಕೋಲು ಅಲ್ಲಾಡುಸ್ತೀನಾ?"

ಕೇರಿಯವರೆಲ್ಲ ಹೋ ಎಂದು ನಕ್ಕರು. ಅವ್ವ ಮಾತ್ರ ಉಸಿರು ಬಿಗಿಹಿಡಿದು ನಿಂತಿದ್ದಳು. ಬಗ್ಗಿಹೋಗಿದ್ದ ಅವಳ ಬೆನ್ನು ಅಷ್ಟು ನೆಟ್ಟಗಾಗಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮಟ್ಟ 98.80. ಟ್ಯಾಂಕಿನ ಕಟ್ಟೆಗಿಂತ ತಗ್ಗು. ನೀರು ತಾನಾಗಿಯೇ ಹರಿದು ಬರುತ್ತದೆ.

"ಎಷ್ಟಾತೇ?" ಎಂದಳು ಅವ್ವ.

"ಹೇಳ್ತೀನಿ ಇರವ್ವ!" ಎಂದು ಸ್ಕೂಟರ್ ಹತ್ತಿದೆ.

ಆಫೀಸಿಗೆ ಬಂದಾಗ ನಾಲ್ಕೂವರೆ. ಮಟ್ಟ ತುಂಬಿ ಎರಡು ಬಿಂದು ಒತ್ತಿದೆ. 492.00. ನಾನು ಕಿರುಚಿದ್ದಕ್ಕೆ ಪಕ್ಕದ ಟೈಲರ್ ಅಂಗಡಿಯವರು ಎದ್ದು ಬಂದರು.

ನಕ್ಷೆ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡುವ ಮೊದಲು ಸರ್ವೆ ಪುಸ್ತಕ ಎತ್ತಿಡಲು ಹೋದೆ. ಖಾಲಿಯಿದ್ದ ಜಾಗವನ್ನು ಸಾರ್ ತಮ್ಮ ದುಂಡು ಅಕ್ಷರದಲ್ಲಿ ತುಂಬಿದ್ದರು. ಮಟ್ಟ 98.80. ಅದರ ಪಕ್ಕದಲ್ಲಿ, ಕೋಲು ಹಿಡಿದವರು: ಶ್ರೀಮತಿ ಸಣ್ಣತಾಯಮ್ಮ, ಹಾರನಹಳ್ಳಿ.